ಗಿಡ ಕೊಡುವವರು, ಗಿಡ ಬೇಕಾದವರು: ಧಾರವಾಡದಲ್ಲಿ ಒಂದು ಆ್ಯಪ್ ಕಟ್ಟಿದ ಟಿಪ್ಪಣಿ

ಆ್ಯಪ್ ಈಗ ಪ್ಲೇ ಸ್ಟೋರ್‌ನ ಕ್ಲೋಸ್ಡ್ ಟೆಸ್ಟಿಂಗ್‌ನಲ್ಲಿದೆ, ಅಂದರೆ ನಾನು ಸೇರಿಸಿದವರು ಮಾತ್ರ ಇಳಿಸಿಕೊಂಡು ನೋಡುವ ಹಂತದಲ್ಲಿದೆ. ಹುಬ್ಬಳ್ಳಿ-ಧಾರವಾಡದಲ್ಲಿ ಅಂಗಳ, ಮಾಳಿಗೆ, ಬಾಲ್ಕನಿಯಲ್ಲಿ ಗಿಡ ಬೆಳೆಸುವವರು ಒಬ್ಬರಿಗೊಬ್ಬರು ಸಸಿ, ಕಡ್ಡಿ, ಬೀಜ ಕೊಟ್ಟು ತಗೊಳ್ಳಲಿ ಅನ್ನುವುದೇ ಇದರ ಕೆಲಸ. ತಮ್ಮ ಊರಿಗೂ ಇಂಥದ್ದೊಂದು ಬೇಕು ಅನ್ನುವವರಿಗೆ ಸಹಾಯ ಆಗಲಿ ಅಂತ ಮಾಡಿದ್ದನ್ನು ಕ್ರಮವಾಗಿ ಬರೆದಿದ್ದೇನೆ. ಮಾಡಿ ತೆಗೆದು ಹಾಕಿದ್ದನ್ನೂ ಬಿಟ್ಟಿಲ್ಲ. ಓದುವವರಿಗೆ ಅದೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಬಳಸಿದ ಸಾಮಾನು: 8 ಜಿಬಿ ರ್ಯಾಮ್ ಇರುವ ಲ್ಯಾಪ್‌ಟಾಪ್, ಒಂದು ಹಳೆಯ ಆಂಡ್ರಾಯ್ಡ್ ಫೋನ್, ಯುಎಸ್‌ಬಿ ಕೇಬಲ್. 8 ಜಿಬಿಯಲ್ಲಿ ಆಂಡ್ರಾಯ್ಡ್ ಸ್ಟುಡಿಯೊ (ಆ್ಯಪ್ ಕಟ್ಟುವ ತಂತ್ರಾಂಶ) ಮತ್ತು ಎಮ್ಯುಲೇಟರ್ (ಲ್ಯಾಪ್‌ಟಾಪ್ ಒಳಗೇ ನಡೆಯುವ ನಕಲಿ ಫೋನ್) ಎರಡೂ ಒಟ್ಟಿಗೆ ನಡೆಯುವುದು ಕಷ್ಟ. ಕೇಬಲ್ ಹಾಕಿ ನೇರ ಫೋನಿನಲ್ಲೇ ಓಡಿಸಿ ನೋಡುವುದು ಒಳ್ಳೆಯದು. ಸ್ಕ್ರೀನ್ ಬಿಡಿಸಲು ಫಿಗ್ಮಾದ ಉಚಿತ ಖಾತೆ, ಆ್ಯಪ್‌ಗೆ ಫ್ಲಟರ್, ತೆರೆಮರೆಯ ಸರ್ವರ್ ಕೆಲಸಕ್ಕೆ ಗೂಗಲ್‌ನ ಫೈರ್‌ಬೇಸ್. ಕೋಡ್ ನಾನು ಬರೆದೆ. ಗಿಡದ ತಿಳಿವಳಿಕೆ ಎಲ್ಲ ಮಾಳಮಡ್ಡಿಯಲ್ಲಿರುವ ನಮ್ಮ ಕಾಕು ಅವರದ್ದು. ಅವರ ಮಾಳಿಗೆ ಮೇಲೆ ಇಲ್ಲದ ಹೂವಿಲ್ಲ.

ಹಂತ 1: ಫೀಡ್ ಹಾಕಿದ್ದು, ತೆಗೆದದ್ದು

ಮೊದಲ ವಿನ್ಯಾಸದಲ್ಲಿ ಫೋಟೊಗಳ ಉದ್ದ ಪಟ್ಟಿ ಇತ್ತು. ಪ್ರತಿ ಫೋಟೊ ಕೆಳಗೆ ಲೈಕ್, ಕಮೆಂಟ್, ಫಾಲೋ. ಫಿಗ್ಮಾದಲ್ಲಿ ಒತ್ತಿದರೆ ಮುಂದಿನ ಸ್ಕ್ರೀನಿಗೆ ಹೋಗುವ ಮಾದರಿ ಮಾಡಿ ಕಾಕು ಕೈಗೆ ಫೋನ್ ಕೊಟ್ಟೆ. ಏನೂ ಹೇಳಿಕೊಡಲಿಲ್ಲ. ಅವರು ನೋಡುತ್ತ ಹೋಗಿ ಒಂದು ಹಳದಿ ದಾಸವಾಳದ ಹತ್ತಿರ ನಿಂತರು.

"ಇದರ ಕಡ್ಡಿ ಬೇಕಾಗಿತ್ತಲ್ಲ, ಎಲ್ಲಿ ಒತ್ಲಿ?"

"ಅಲ್ಲಿ ಹೃದಯದ ಚಿತ್ರ ಅದಲ್ರಿ ಕಾಕು, ಅದನ್ನ ಒತ್ತಿದ್ರ ನಿಮಗ ಇಷ್ಟ ಆತು ಅಂತ ಅವರಿಗೆ ಗೊತ್ತಾಗ್ತದ."

"ಇಷ್ಟ ಆಗಿದ್ದು ನನಗ ಗೊತ್ತದ. ಕಡ್ಡಿ ಹೆಂಗ ಸಿಗ್ತದ ಹೇಳು."

ಅಕ್ಕಪಕ್ಕದ ಮನೆಯವರಿಗೆ ತೋರಿಸಿದಾಗಲೂ ಹೀಗೇ ಆಯಿತು. ಫೋಟೊ ಚಂದ ಅಂದರು, ಆಮೇಲೆ ಗಿಡ ಕೇಳಿದರು. ಆವಾಗ ಸ್ಕ್ರೀನ್ ಬಿಡಿಸುವುದನ್ನು ನಿಲ್ಲಿಸಿ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದೆ: ನಿಮ್ಮ ಮನೆಗೆ ಕೊನೆಯದಾಗಿ ಬಂದ ಗಿಡ ಯಾರಿಂದ ಬಂತು, ಹೇಗೆ ಬಂತು? ನರ್ಸರಿಯಿಂದ ಅಂದವರು ಕೆಲವರೇ. ಬೀಗರ ಮನೆಯಿಂದ, ಗುಡಿಯ ಅರ್ಚಕರಿಂದ, ವಾಕಿಂಗ್ ಹೋಗುವಾಗ ಕಾಂಪೌಂಡ್ ಆಚೆ ನಿಂತು ಕೇಳಿ ತಂದದ್ದು, ಇಂಥವೇ ಜಾಸ್ತಿ. ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಗಿಡ ಕೈ ಬದಲಾಗುತ್ತದೆ. ಆದರೆ ಅಲ್ಲಿ "ಬಿಳಿ ಶಂಖಪುಷ್ಪದ ಬೀಜ ಇದೆ" ಅಂತ ಹಾಕಿದ ಮಾತು ಸಂಜೆಯೊಳಗೆ ಶುಭೋದಯದ ಚಿತ್ರಗಳ ಕೆಳಗೆ ಹೋಗಿಬಿಡುತ್ತದೆ. ನಾಲ್ಕು ದಿನ ಬಿಟ್ಟು ಹುಡುಕಿದರೆ ಸಿಗುವುದಿಲ್ಲ.

ಅಲ್ಲಿಗೆ ಆ್ಯಪ್ ಏನು ಮಾಡಬೇಕು ಅನ್ನುವುದು ನಿಶ್ಚಯವಾಯಿತು. ಒಂದು ಗಿಡ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬೇಕು. ಅದಕ್ಕೆ ನೆರವಾಗದ್ದು ಯಾವುದೂ ಬೇಡ. ಲೈಕ್, ಫಾಲೋ, ಫಾಲೋವರ್ ಸಂಖ್ಯೆ ಎಲ್ಲ ತೆಗೆದೆ. ಮೊದಲ ಸ್ಕ್ರೀನಿನಲ್ಲಿ ಎರಡೇ ದೊಡ್ಡ ಬಟನ್ ಉಳಿದವು: "ಕೊಡ್ತೀನಿ" ಮತ್ತು "ಬೇಕು". ಜನ ಹತ್ತಿರವಾಗುವುದು ಗಿಡ ಕೊಟ್ಟು ತಗೊಂಡ ಮೇಲೆ ತಾನಾಗೇ ಆಗುತ್ತದೆ. ಅದಕ್ಕೆ ಬೇರೆ ಬಟನ್ ಬೇಕಾಗಿಲ್ಲ ಅಂತ ನನಗೆ ಖಾತ್ರಿಯಾಗಿದೆ.

ಒಂದು ಪೋಸ್ಟ್‌ನಲ್ಲಿ ಇರುವುದು ಇಷ್ಟು: ಗಿಡ, ಅದು ಯಾವ ರೂಪದಲ್ಲಿದೆ, ಎಷ್ಟಿದೆ, ಯಾವ ಏರಿಯಾ, ಒಂದು ಫೋಟೊ, ಯಾವ ಮಣ್ಣಿನಲ್ಲಿ ಬೆಳೆದದ್ದು. ರೂಪಕ್ಕೆ ಐದು ಆಯ್ಕೆ: ಸಸಿ, ಕಡ್ಡಿ, ಬೀಜ, ಗಡ್ಡೆ, ಮರಿ. ಲೋಳಸರ, ಬಾಳೆಗೆ ಮರಿ ಬೇಕೇ ಬೇಕು ಅಂತ ಕಾಕು ಸೇರಿಸಿದರು. ಮಣ್ಣಿನ ಸಾಲೂ ಅವರದ್ದೇ. ಧಾರವಾಡದಿಂದ ಪಶ್ಚಿಮಕ್ಕೆ ಕೆಂಪು ಮಸಾರಿ, ಹುಬ್ಬಳ್ಳಿ ದಾಟಿ ನವಲಗುಂದದ ಕಡೆ ಹೋದರೆ ಕಪ್ಪು ಎರೆ. ಮಸಾರಿಯಲ್ಲಿ ಬೆಳೆದ ಗಿಡವನ್ನು ಬರೀ ಎರೆ ಮಣ್ಣು ತುಂಬಿದ ಕುಂಡಕ್ಕೆ ಹಾಕಿದರೆ ನೀರು ನಿಂತು ಬೇರು ಕೊಳೆಯುತ್ತದೆ. ತಗೊಳ್ಳುವವರಿಗೆ ಇದು ಮೊದಲೇ ಗೊತ್ತಾಗಬೇಕು.

ಪ್ರತಿ ಪೋಸ್ಟಿಗೂ ಮುಗಿಯುವ ದಿನ ಇದೆ. ಕಡ್ಡಿಗೆ 3 ದಿನ, ಸಸಿಗೆ 30 ದಿನ, ಬೀಜಕ್ಕೆ 90 ದಿನ. ಅವಧಿ ಮುಗಿದದ್ದು ಪಟ್ಟಿಯಿಂದ ತಾನೇ ಹೋಗುತ್ತದೆ. ಇದು ಇಲ್ಲದಿದ್ದರೆ ಪಟ್ಟಿ ತುಂಬ ಒಣಗಿದ ಕಡ್ಡಿಗಳೇ ಇರುತ್ತವೆ.

ಹಂತ 2: ಹೆಸರು ಹುಡುಕುವುದು

ಇಲ್ಲಿ ಬಹಳ ಸಮಯ ಹೋಯಿತು. ಒಬ್ಬರು ಅಬ್ಬಲಿಗೆ ಅಂತ ಹಾಕುತ್ತಾರೆ, ಇನ್ನೊಬ್ಬರು ಕನಕಾಂಬರ ಅಂತ ಹುಡುಕುತ್ತಾರೆ. ಪೇರಲ ಮತ್ತು ಸೀಬೆ, ಲಿಂಬಿ ಮತ್ತು ನಿಂಬೆ, ಪಪ್ಪಾಯಿ ಮತ್ತು ಪರಂಗಿ. ಬ್ರಹ್ಮಕಮಲದ್ದು ಇನ್ನೊಂದು ಥರ. ನಮ್ಮ ಮನೆಗಳಲ್ಲಿ ರಾತ್ರಿ ಅರಳುವುದು ಎಪಿಫಿಲಮ್ ಜಾತಿಯ ಕಳ್ಳಿ. ಹಿಮಾಲಯದ ಬ್ರಹ್ಮಕಮಲ ಬೇರೆಯೇ ಗಿಡ, ಅದು ಸಾಸುರಿಯಾ.

ಮೊದಲು ಹೆಸರನ್ನು ಸುಮ್ನೆ ಬರೆಯಲು ಬಿಟ್ಟಿದ್ದೆ. ಫೈರ್‌ಬೇಸ್‌ನ ಡೇಟಾಬೇಸ್ ಆದ ಫೈರ್‌ಸ್ಟೋರ್‌ನ ಸಾಮಾನ್ಯ ಆವೃತ್ತಿಯಲ್ಲಿ ಪದದ ಒಳಗೆ ಹುಡುಕುವ ಸೌಲಭ್ಯ ಇಲ್ಲ. ಹಾಗಾಗಿ ಹೆಸರಿನ ಮೊದಲ ತುಣುಕುಗಳನ್ನೆಲ್ಲ ಒಂದು ಅರೇಯಲ್ಲಿ, ಅಂದರೆ ಪಟ್ಟಿಯಲ್ಲಿ ಇಟ್ಟು ಹುಡುಕಿಸಿದೆ. ಎರಡು ತೊಂದರೆ ಬಂದವು. ಒಂದು, ಒತ್ತಿದ ಪ್ರತಿ ಅಕ್ಷರಕ್ಕೂ ಡೇಟಾಬೇಸ್ ಓದು, ಉಚಿತ ಓದಿಗೆ ದಿನದ ಮಿತಿ ಇದೆ (ಲೆಕ್ಕ ಹಂತ 7ರಲ್ಲಿದೆ). ಎರಡು, ಹೆಸರಿನ ತುಣುಕು ಮಾಡುವಾಗ ಅಕ್ಷರ ಅಕ್ಷರವಾಗಿ ಕತ್ತರಿಸಿದ್ದೆ. ಆಗ "ದ" ಒತ್ತಿದವರಿಗೆ "ದಾಸವಾಳ" ಸಿಗುವುದಿಲ್ಲ, ಯಾಕೆಂದರೆ ಅಲ್ಲಿ ಇರುವ ಮೊದಲ ತುಣುಕು "ದಾ".

ಈಗಿನ ವ್ಯವಸ್ಥೆ ಸರಳ. ಗಿಡಗಳ ಪಟ್ಟಿ ಒಂದು ಜೇಸನ್ ಫೈಲ್ (ಮಾಹಿತಿಯನ್ನು ಸಾದಾ ಅಕ್ಷರದಲ್ಲಿ ಇಡುವ ಫೈಲ್) ಆಗಿ ಆ್ಯಪ್ ಒಳಗೇ ಇದೆ. ಪ್ರತಿ ಗಿಡಕ್ಕೂ ವೈಜ್ಞಾನಿಕ ಹೆಸರೇ ಕೀ, ಅಂದರೆ ಗುರುತು. ಅದರ ಕೆಳಗೆ ನಮ್ಮ ಕಡೆಯ ಹೆಸರು, ಮೈಸೂರು ಕಡೆಯ ಹೆಸರು, ಇಂಗ್ಲಿಷ್ ಹೆಸರು, ಮತ್ತು ಕನ್ನಡ ಹೆಸರನ್ನೇ ಇಂಗ್ಲಿಷ್ ಅಕ್ಷರದಲ್ಲಿ ಜನ ಹೇಗೆಲ್ಲ ಒತ್ತುತ್ತಾರೋ ಆ ಕಾಗುಣಿತಗಳು. ಹುಡುಕುವುದು ಫೋನಿನಲ್ಲೇ ನಡೆಯುತ್ತದೆ. ನೆಟ್ ಬೇಕಿಲ್ಲ, ಖರ್ಚಿಲ್ಲ. ಗಿಡ ಆರಿಸಿದ ಮೇಲೆ ಅದರ ಕೀ ಮಾತ್ರ ಫೈರ್‌ಸ್ಟೋರ್‌ಗೆ ಹೋಗುತ್ತದೆ. ಅಬ್ಬಲಿಗೆಯೂ ಕನಕಾಂಬರವೂ ಒಂದೇ ಕ್ರಾಸಾಂಡ್ರಾ ಆಗುತ್ತವೆ.

ಇಷ್ಟಾದರೂ ಕೆಲವು ಹೆಸರು ಕಣ್ಣಿಗೆ ಒಂದೇ ಕಂಡರೂ ಸಿಗುತ್ತಿರಲಿಲ್ಲ. "ಬೋಗನ್‌ವಿಲಾ" ಅಂತ ಒಂದು ಕೀಬೋರ್ಡ್‌ನಲ್ಲಿ ಬರೆದರೆ ಸಿಗುತ್ತದೆ, ಇನ್ನೊಂದರಲ್ಲಿ ಇಲ್ಲ. ಕಾರಣ, ಅರ್ಧಾಕ್ಷರ ನಿಲ್ಲಿಸಲು ಹಾಕುವ ಕಾಣದ ಅಕ್ಷರ, ಯೂನಿಕೋಡ್‌ನ 200ಸಿ. ಹುಡುಕುವ ಮೊದಲು ಜನ ಒತ್ತಿದ ಪದ, ಪಟ್ಟಿಯ ಹೆಸರು ಎರಡರಿಂದಲೂ ಅದನ್ನು ತೆಗೆದುಹಾಕಬೇಕು. ಅಕ್ಷರ ಕೂಡಿಸಲು ಹಾಕುವ ಇನ್ನೊಂದು ಕಾಣದ ಅಕ್ಷರ 200ಡಿಯನ್ನೂ ತೆಗೆಯಿರಿ. ಇನ್ನೊಂದು, "ಕೊ" ಅನ್ನುವಲ್ಲಿನ ಗುಣಿತ ಒಂದೇ ಕೋಡ್ ಆಗಿಯೂ ಇರಬಹುದು, "ಕೆ" ಮತ್ತು "ಕೂ"ಗಳಲ್ಲಿ ಬರುವ ಗುಣಿತಗಳ ಎರಡು ಕೋಡ್ ಸೇರಿಯೂ ಇರಬಹುದು. ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಕೂಡಿಸಿ ಒಂದೇ ಕೋಡ್ ಮಾಡಿದ ರೂಪಕ್ಕೆ ತಂದರೆ ಎರಡೂ ಒಂದಾಗುತ್ತವೆ. ಫ್ಲಟರ್ ಬಳಸುವ ಡಾರ್ಟ್ ಭಾಷೆಯಲ್ಲಿ ಇದು ಮೊದಲೇ ಇರುವುದಿಲ್ಲ, ಪ್ಯಾಕೇಜ್ (ಬೇರೆಯವರು ಬರೆದಿಟ್ಟ ಕೋಡ್) ಸೇರಿಸಬೇಕು. ಕನ್ನಡದಲ್ಲಿ ಹುಡುಕುವ ಯಾವುದೇ ಆ್ಯಪ್ ಮಾಡುವವರು ಈ ಎರಡು ಸಾಲು ಕೋಡ್ ಮೊದಲ ದಿನವೇ ಹಾಕಿಕೊಳ್ಳಿ.

ಫೋಟೊದಿಂದ ಗಿಡ ಗುರುತಿಸಲು ಪ್ಲಾಂಟ್‌ನೆಟ್‌ನ ಎಪಿಐ (ಅವರ ಸೇವೆಯನ್ನು ನಮ್ಮ ಆ್ಯಪ್‌ನಿಂದ ಬಳಸುವ ದಾರಿ) ಇದೆ, ಉಚಿತ ಖಾತೆಗೆ ದಿನಕ್ಕೆ 500 ಗುರುತಿಸುವಿಕೆ. ಅದು ವೈಜ್ಞಾನಿಕ ಹೆಸರು ಕೊಡುವುದರಿಂದ ನಮ್ಮ ಕೀಗೆ ಸೀದಾ ಹೊಂದುತ್ತದೆ. ಆದರೆ ಗಿಡ ಕೊಡುವವರಿಗೆ ತಮ್ಮ ಗಿಡ ಗೊತ್ತೇ ಇರುತ್ತದೆ. ಹಾಗಾಗಿ ಮೊದಲ ಆವೃತ್ತಿಯಲ್ಲಿ ಹಾಕಲಿಲ್ಲ.

ಹಂತ 3: ಫೋಟೊ

ಫೋನ್ ಕ್ಯಾಮರಾದ ಫೋಟೊ ಸುಮಾರು 4 ಎಂಬಿ ಬರುತ್ತದೆ. ಅದನ್ನು 1280 ಪಿಕ್ಸೆಲ್ ಅಗಲಕ್ಕೆ ಇಳಿಸಿ, ಗುಣಮಟ್ಟ 70ಕ್ಕೆ ಇಟ್ಟರೆ 300 ಕೆಬಿ ಆಸುಪಾಸು ಆಗುತ್ತದೆ. ಎಲೆಯ ರೋಗ, ಹೂವಿನ ಬಣ್ಣ ಎಲ್ಲ ಸ್ಪಷ್ಟವಾಗೇ ಕಾಣುತ್ತದೆ. ಪಟ್ಟಿಯಲ್ಲಿ ತೋರಿಸಲು 300 ಪಿಕ್ಸೆಲ್‌ನ ಚಿಕ್ಕ ಪ್ರತಿ ಬೇರೆ.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ಕ್ಯಾಮರಾದಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೊ ಒಳಗೇ ಮನೆಯ ಅಕ್ಷಾಂಶ, ರೇಖಾಂಶ ಕೂತಿರುತ್ತದೆ. ನಾನು ಬಳಸಿದ ಕಂಪ್ರೆಸ್ ಪ್ಯಾಕೇಜ್ ಅದನ್ನು ತಾನೇ ಬಿಟ್ಟುಬಿಡುತ್ತದೆ. ಆದರೂ ನಂಬಿ ಕೂರದೆ, ಅಪ್‌ಲೋಡ್ ಆದ ಫೋಟೊವನ್ನು ವಾಪಸ್ ಇಳಿಸಿಕೊಂಡು ತೆರೆದು ನೋಡಿದೆ. ನೀವೂ ನೋಡಿ.

ಕುಂದಗೋಳದ ಕಡೆಯಿಂದ ಪರೀಕ್ಷಿಸಿದವರಿಗೆ ನೆಟ್ ನಡುವೆ ಹೋಗಿ, ಫೋಟೊ ಇಲ್ಲದ ಪೋಸ್ಟ್‌ಗಳು ಬರುತ್ತಿದ್ದವು. ಮೊದಲು ಪೋಸ್ಟ್ ಬರೆದು ಆಮೇಲೆ ಫೋಟೊ ಕಳಿಸುವ ಕ್ರಮವೇ ಇದಕ್ಕೆ ಕಾರಣ. ಅದನ್ನು ತಿರುಗಿಸಿ, ಫೋಟೊ ಪೂರ್ತಿ ಹೋದ ಮೇಲೆ ಪೋಸ್ಟ್ ಬರೆಯುವಂತೆ ಮಾಡಿದೆ. ಸರಿಹೋಯಿತು.

ಹಂತ 4: ಮನೆ ಎಲ್ಲಿದೆ ಅಂತ ಎಷ್ಟು ಹೇಳಬೇಕು

ಮೊದಲು ಮ್ಯಾಪ್ ಹಾಕಿದ್ದೆ. ಪ್ರತಿ ಗಿಡಕ್ಕೂ ಒಂದು ಪಿನ್. ನೋಡಲು ಬಹಳ ಚಂದ ಇತ್ತು. ತೋರಿಸಿದ ಹೆಣ್ಣುಮಕ್ಕಳಲ್ಲಿ ಒಬ್ಬರೂ ಒಪ್ಪಲಿಲ್ಲ. ಮಧ್ಯಾಹ್ನ ಮನೆಯಲ್ಲಿ ಒಬ್ಬರೇ ಇರುವವರು, ಗುರುತಿಲ್ಲದವರು ಗೇಟ್‌ವರೆಗೆ ಬರಲಿ ಅಂತ ಯಾಕೆ ಬಯಸುತ್ತಾರೆ? ಅವರು ಹೇಳಿದ್ದು ನೂರಕ್ಕೆ ನೂರು ಸರಿ.

ಆಮೇಲೆ ಅಕ್ಷಾಂಶ, ರೇಖಾಂಶವನ್ನು ಎರಡು ದಶಮಾಂಶಕ್ಕೆ ಇಳಿಸಿದೆ. ಆಗ ಜಾಗ ಸುಮಾರು ಒಂದು ಕಿಲೋಮೀಟರ್ ಮಸುಕಾಗುತ್ತದೆ. ಸಪ್ತಾಪುರದಂಥ ಕಡೆ ಇಷ್ಟು ಸಾಕು. ಊರ ಹೊರಗಿನ ಹೊಸ ಲೇಔಟ್‌ಗಳಲ್ಲಿ ಸಾಲದು. ಅಲ್ಲಿ ಒಂದು ಕಿಲೋಮೀಟರ್‌ನಲ್ಲಿ ಮನೆ ಇರುವುದೇ ನಾಲ್ಕೋ ಐದೋ. ಹಾಗಾಗಿ ಜಿಪಿಎಸ್ ಅನುಮತಿಯನ್ನೇ ತೆಗೆದುಹಾಕಿದೆ. ಈಗ ಬಳಸುವವರು ಏರಿಯಾ ಹೆಸರನ್ನು ಪಟ್ಟಿಯಿಂದ ಆರಿಸುತ್ತಾರೆ: ಮಾಳಮಡ್ಡಿ, ಕೆಲಗೇರಿ, ನವನಗರ, ಉಣಕಲ್, ಕೇಶ್ವಾಪುರ, ಹೀಗೆ. ಪ್ರತಿ ಏರಿಯಾದ ಮಧ್ಯದ ಒಂದು ಬಿಂದು ನನ್ನ ಫೈಲಿನಲ್ಲಿದೆ. ಅದಕ್ಕೆ ಐದು ಅಕ್ಷರದ ಜಿಯೋಹ್ಯಾಶ್, ಅಂದರೆ ಜಾಗವನ್ನು ಅಕ್ಷರಗಳಲ್ಲಿ ಹೇಳುವ ಸಂಕೇತ. ಐದು ಅಕ್ಷರ ಅಂದರೆ ಸುಮಾರು 5 ಕಿಲೋಮೀಟರ್ ಚೌಕ. "ಹತ್ತಿರದ್ದು ಮೊದಲು" ಅಂತ ಜೋಡಿಸಲು ಇಷ್ಟು ಸಾಕು.

ಹಾಗಾದರೆ ಗಿಡ ಕೈಗೆ ಕೊಡುವುದು ಎಲ್ಲಿ? ಇದಕ್ಕೆ ಉತ್ತರ ನಮ್ಮೂರಿನಲ್ಲೇ ಇತ್ತು. ಹುಬ್ಬಳ್ಳಿಗೂ ಧಾರವಾಡಕ್ಕೂ ಇಪ್ಪತ್ತು ಕಿಲೋಮೀಟರ್ ಆಸುಪಾಸು. ನಡುವೆ ಚಿಗರಿ ಅನ್ನುವ ಬಿಆರ್‌ಟಿಎಸ್ ಬಸ್ಸು ತನ್ನದೇ ದಾರಿಯಲ್ಲಿ ಓಡುತ್ತದೆ. ಅದರ ನಿಲ್ದಾಣಗಳಲ್ಲಿ ಬೆಳಕಿರುತ್ತದೆ, ಜನ ಇರುತ್ತಾರೆ, ಹೆಸರು ಎಲ್ಲರಿಗೂ ಗೊತ್ತು. ಆ್ಯಪ್‌ನಲ್ಲಿ "ಎಲ್ಲಿ ಭೇಟಿ?" ಅಂದಾಗ ಜ್ಯುಬಿಲಿ ಸರ್ಕಲ್, ನವನಗರ, ಭೈರಿದೇವರಕೊಪ್ಪ, ಹೊಸೂರು ಮುಂತಾದ ನಿಲ್ದಾಣಗಳ ಪಟ್ಟಿ ಬರುತ್ತದೆ. ಹೊತ್ತು ಕೂಡ ಆರಿಸಬೇಕು. ರಾತ್ರಿ ಎಂಟರ ನಂತರದ ಆಯ್ಕೆ ಇಟ್ಟಿಲ್ಲ. ಒಬ್ಬರಿಗೊಬ್ಬರು ಪರಿಚಯವಾದ ಮೇಲೆ ಮನೆಗೆ ಕರೆಯುವುದು ಅವರಿಗೆ ಬಿಟ್ಟದ್ದು.

ಕಾಕು ಮೊದಲ ಸಲ ಕಡ್ಡಿ ಕೊಟ್ಟದ್ದು ವಿದ್ಯಾನಗರದ ಒಬ್ಬ ನಿವೃತ್ತ ಮಾಸ್ತರರಿಗೆ. ಅವರು ಬದಲಿಗೆ ಕೃಷ್ಣತುಳಸಿಯ ಸಸಿ ತಂದಿದ್ದರು. ಈ "ಬದಲಿಗೆ" ಅನ್ನುವುದಕ್ಕೆ ಆ್ಯಪ್‌ನಲ್ಲಿ ಜಾಗ ಮಾಡಿರಲಿಲ್ಲ. ಬರಿಗೈಯಲ್ಲಿ ಹೋಗುವುದು ನಮ್ಮವರಿಗೆ ಸರಿ ಅನಿಸುವುದಿಲ್ಲ, ಅಲ್ವಾ? ಈಗ ಗಿಡ ಕೇಳುವಾಗಲೇ "ನಾನು ಇದನ್ನು ತರ್ತೀನಿ" ಅಂತ ಸೇರಿಸಬಹುದು. ಕಡ್ಡಾಯ ಅಲ್ಲ.

ಹಂತ 5: ಮಾತುಕತೆ

ಟೈಪ್ ಮಾಡುವ ಚಾಟ್ ಮಾಡಿ ಕೊಟ್ಟರೆ ಅರವತ್ತು ದಾಟಿದವರು ಬರೆಯಲೇ ಇಲ್ಲ. ಕನ್ನಡ ಕೀಬೋರ್ಡ್ ಹಾಕಿಕೊಂಡವರು ಅವರಲ್ಲಿ ಕಡಿಮೆ. ಎರಡು ಬದಲಾವಣೆ ಮಾಡಿದೆ. ಮೊದಲನೆಯದು, ಒತ್ತಿದರೆ ಹೋಗುವ ಸಿದ್ಧ ಮಾತುಗಳು: "ಇನ್ನೂ ಇದೆಯಾ?", "ನಾಳೆ ಸಂಜೆ ಬರಲಾ?", "ಕೊಟ್ಟಾಯಿತು". ಎರಡನೆಯದು, 30 ಸೆಕೆಂಡಿನ ಧ್ವನಿ ಸಂದೇಶ. ಸೆಕೆಂಡಿಗೆ 32 ಕಿಲೋಬಿಟ್ ವೇಗದಲ್ಲಿ ರೆಕಾರ್ಡ್ ಮಾಡಿದರೆ 30 ಸೆಕೆಂಡಿಗೆ 120 ಕೆಬಿ. ಫೋಟೊಗಿಂತ ಹಗುರ, ಮಾತು ಸ್ಪಷ್ಟ. ಗಿಡ ಹೇಗೆ ನೆಡಬೇಕು ಅನ್ನುವುದನ್ನು ಹಿರಿಯರು ಧ್ವನಿಯಲ್ಲಿ ಎಷ್ಟು ಚೆನ್ನಾಗಿ ಹೇಳುತ್ತಾರೆ ಅಂದರೆ, ಆ್ಯಪ್‌ನಲ್ಲಿ ನನಗೆ ಬಹಳ ಪ್ರೀತಿಯ ಭಾಗ ಅದೇ.

ಫೋನ್ ನಂಬರ್ ಯಾರಿಗೂ ಕಾಣುವುದಿಲ್ಲ.

ಹಂತ 6: ಲಾಗಿನ್

ಒಟಿಪಿ ಬೇಕು ಅಂತ ಇತ್ತು. ಫೈರ್‌ಬೇಸ್‌ನಲ್ಲಿ ಎಸ್‌ಎಂಎಸ್ ಕಳಿಸಲು ಹಣ ಕೊಡುವ ಬ್ಲೇಜ್ ಯೋಜನೆ ಬೇಕು, ಮೇಲೆ ಪ್ರತಿ ಸಂದೇಶಕ್ಕೂ ಖರ್ಚು. ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್ ಖಾತೆ ಹೇಗೂ ಇರುತ್ತದೆ. ಪಾಸ್‌ವರ್ಡ್ ನೆನಪಿಲ್ಲದಿದ್ದರೂ ಫೋನಿನಲ್ಲಿ ಲಾಗಿನ್ ಆಗೇ ಇರುತ್ತಾರೆ. ಹಾಗಾಗಿ ಗೂಗಲ್ ಲಾಗಿನ್ ಇಟ್ಟೆ.

ಅದು ನನ್ನ ಫೋನಿನಲ್ಲಿ ಸರಾಗವಾಗಿ ನಡೆಯಿತು. ಪ್ಲೇ ಸ್ಟೋರ್‌ನಿಂದ ಇಳಿಸಿಕೊಂಡವರಿಗೆ ಯಾರಿಗೂ ನಡೆಯಲಿಲ್ಲ. ಎರರ್ ಸಂಖ್ಯೆ 10. ಇದರಲ್ಲಿ ಸಿಕ್ಕಿಹಾಕಿಕೊಂಡವರು ಬಹಳ ಜನ ಇರುತ್ತಾರೆ, ಅದಕ್ಕೆ ಬಿಡಿಸಿ ಹೇಳುತ್ತೇನೆ. ನಾವು ಕಟ್ಟಿದ ಬಿಲ್ಡ್‌ಗೆ (ಆ್ಯಪ್‌ನ ಸಿದ್ಧ ಫೈಲಿಗೆ) ನಮ್ಮ ಗುಪ್ತ ಕೀಯಿಂದ ಡಿಜಿಟಲ್ ಸಹಿ ಇರುತ್ತದೆ. ಪ್ಲೇ ಸ್ಟೋರ್ ಅದನ್ನು ಜನರಿಗೆ ಕೊಡುವಾಗ ತನ್ನ ಹತ್ತಿರ ಇರುವ ಬೇರೆ ಕೀಯಿಂದ ಸಹಿ ಹಾಕುತ್ತದೆ. ಆ ಕೀಯ ಶಾ-1 ಅನ್ನುವ ಗುರುತಿನ ಸಂಕೇತ ಫೈರ್‌ಬೇಸ್‌ಗೆ ಗೊತ್ತಿಲ್ಲದಿದ್ದರೆ ಲಾಗಿನ್ ನಿರಾಕರಿಸುತ್ತದೆ. ಪ್ಲೇ ಕನ್ಸೋಲ್‌ನಲ್ಲಿ (ಆ್ಯಪ್ ಹಾಕುವವರ ಖಾತೆಯಲ್ಲಿ) ಆ್ಯಪ್ ಸೈನಿಂಗ್ ಪುಟಕ್ಕೆ ಹೋಗಿ, ಅಲ್ಲಿರುವ ಶಾ-1 ಕಾಪಿ ಮಾಡಿ, ಫೈರ್‌ಬೇಸ್ ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ಸೇರಿಸಿ. ನಾವು ಓಡಿಸಿ ನೋಡುವಾಗಿನ ಡಿಬಗ್ ಕೀ, ಪ್ಲೇ ಸ್ಟೋರ್‌ಗೆ ಕಳಿಸುವಾಗಿನ ಅಪ್‌ಲೋಡ್ ಕೀ, ಪ್ಲೇ ಸ್ಟೋರ್‌ನ ಕೀ, ಮೂರರ ಶಾ-1 ಕೂಡ ಅಲ್ಲಿರಬೇಕು.

ಹಂತ 7: ಓದಿನ ಲೆಕ್ಕ

ಫೈರ್‌ಸ್ಟೋರ್‌ನಲ್ಲಿ ದಿನಕ್ಕೆ 50,000 ಓದು ಉಚಿತ. ಒಂದು ಓದು ಅಂದರೆ ಡೇಟಾಬೇಸ್‌ನಿಂದ ಒಂದು ದಾಖಲೆ ತರುವುದು. ದೊಡ್ಡ ಸಂಖ್ಯೆ ಅನಿಸುತ್ತದೆ. ನನ್ನ ಮೊದಲ ಕೋಡ್ ಒಂದು ಸಲ ತೆರೆದರೆ 40 ಪೋಸ್ಟ್ ತರುತ್ತಿತ್ತು. ಪ್ರತಿ ಪೋಸ್ಟಿಗೂ ಹಾಕಿದವರ ಹೆಸರಿಗಾಗಿ ಇನ್ನೊಂದು ಓದು. ಒಟ್ಟು 80. ಅಂದರೆ ಎಲ್ಲರೂ ಸೇರಿ 625 ಸಲ ತೆರೆದರೆ ಆ ದಿನದ ಉಚಿತ ಲೆಕ್ಕ ಮುಗಿಯಿತು. ಈಗ ಹಾಕಿದವರ ಹೆಸರು, ಏರಿಯಾ ಎರಡನ್ನೂ ಪೋಸ್ಟ್ ಒಳಗೇ ಬರೆದಿಡುತ್ತೇನೆ. ಒಂದು ಸಲಕ್ಕೆ 15 ಪೋಸ್ಟ್ ಮಾತ್ರ, ಕೆಳಗೆ ಎಳೆದರೆ ಮುಂದಿನ 15. ಈಗ 3,300 ಸಲಕ್ಕಿಂತ ಜಾಸ್ತಿ ತೆರೆಯಬಹುದು. ಯಾರಾದರೂ ಹೆಸರು ಬದಲಿಸಿದರೆ ಅವರ ಹಳೆಯ ಪೋಸ್ಟ್‌ಗಳನ್ನು ತಿದ್ದಬೇಕಾಗುತ್ತದೆ. ಹೆಸರು ಬದಲಿಸುವವರು ಅಪರೂಪ, ಹಾಗಾಗಿ ಪರವಾಗಿಲ್ಲ.

ಫೋಟೊ ಇಡಲು ಬ್ಲೇಜ್ ಯೋಜನೆಗೆ ಹೋಗಲೇಬೇಕಾಯಿತು. ಒಂದು ಎಚ್ಚರಿಕೆ: ಅಲ್ಲಿ ಬಜೆಟ್ ಅಲರ್ಟ್ ಇಟ್ಟರೆ ಮೇಲ್ ಬರುತ್ತದೆ ಅಷ್ಟೇ, ಖರ್ಚು ನಿಲ್ಲುವುದಿಲ್ಲ. ಅಲರ್ಟನ್ನು ಸಣ್ಣ ಮೊತ್ತಕ್ಕೇ ಇಡಿ.

ಹಂತ 8: ಒತ್ತಕ್ಷರ

ಬಟನ್ ಎತ್ತರ 48 ಅಂತ ಕಟ್ಟಿದ್ದೆ. "ಅಶ್ವತ್ಥ", "ಕೃಷ್ಣತುಳಸಿ" ಬಂದಾಗ ಒತ್ತಕ್ಷರದ ಕೆಳಭಾಗ ಕತ್ತರಿಸಿ ಹೋಯಿತು. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡವರಿಗೆ ಇನ್ನೂ ಕೆಟ್ಟದಾಗಿ ಕಂಡಿತು. ಸಾಲಿನ ಎತ್ತರ 1.5 ಮಾಡಿ, 48 ಅನ್ನುವುದನ್ನು ಕನಿಷ್ಠ ಎತ್ತರವಾಗಿ ಮಾತ್ರ ಇಟ್ಟೆ. ನೋಟೋ ಸಾನ್ಸ್ ಕನ್ನಡ ಫಾಂಟನ್ನು ಆ್ಯಪ್ ಜೊತೆಗೇ ಕಳಿಸುತ್ತೇನೆ. ಆಗ ಎಲ್ಲ ಫೋನಿನಲ್ಲೂ ಒಂದೇ ಥರ ಕಾಣುತ್ತದೆ. ಇಂಗ್ಲಿಷಿನಲ್ಲಿ ವಿನ್ಯಾಸ ಮಾಡಿ ಕೊನೆಗೆ ಕನ್ನಡ ತುಂಬುವುದು ಬೇಡವೇ ಬೇಡ. ಮೊದಲ ಸ್ಕ್ರೀನಿನಿಂದಲೇ ಕನ್ನಡ ಹಾಕಿ ಬಿಡಿಸಿ.

ಹಂತ 9: ನೀರು ಹಾಕುವ ನೆನಪು

ಗಿಡದ ಆ್ಯಪ್ ಅಂದರೆ ನೀರಿನ ರಿಮೈಂಡರ್ ಇರಬೇಕು ಅಂತ ಕೆಲವರು ಕೇಳಿದರು. ದಿನಾ ಬೆಳಿಗ್ಗೆ ಏಳಕ್ಕೆ ಗಂಟೆ ಬಾರಿಸುವಂತೆ ಮಾಡಿದೆ. ಬಹುತೇಕರು ಬೇಗನೆ ಆಫ್ ಮಾಡಿಬಿಟ್ಟರು. ಯಾಕೆ ಅಂತ ಕೇಳಿದರೆ, ನಮ್ಮ ಊರಿನ ಎಷ್ಟೋ ಏರಿಯಾಗಳಲ್ಲಿ ನಳದ ನೀರು ದಿನಾ ಬರುವುದಿಲ್ಲ. ಕೆಲವು ವಾರ್ಡ್‌ಗಳಲ್ಲಿ ಇಡೀ ದಿನ ಇರುತ್ತದೆ, ಉಳಿದ ಕಡೆ ದಿನಗಟ್ಟಲೆ ಕಾಯಬೇಕು. ನೀರು ಬಂದ ದಿನ ಪಾತ್ರೆ, ಡ್ರಮ್ಮು ತುಂಬಿಸಿ, ಗಿಡಕ್ಕೂ ಹೊಟ್ಟೆ ತುಂಬ ಹಾಕುತ್ತಾರೆ. ಆಮೇಲೆ ಪಾತ್ರೆ ತೊಳೆದ, ಅಕ್ಕಿ ತೊಳೆದ ನೀರು.

ಹಾಗಾಗಿ ಗಂಟೆ ತೆಗೆದು "ನಳ ಬಂತು" ಅನ್ನುವ ಬಟನ್ ಇಟ್ಟೆ. ನೀರು ಬಂದ ದಿನ ಒತ್ತಿದರೆ, ಅಲ್ಲಿಂದ ಎಣಿಸಿ ಯಾವ ಗಿಡ ತಡೆಯುತ್ತದೆ, ಯಾವುದಕ್ಕೆ ನಡುವೆ ಒಂದು ತಂಬಿಗೆಯಾದರೂ ಬೇಕು ಅಂತ ತೋರಿಸುತ್ತದೆ. ಲೋಳಸರ, ಕಾಗದದ ಹೂ ತಡೆಯುತ್ತವೆ. ತುಳಸಿ, ಕುಂಡದ ಮಲ್ಲಿಗೆ ಬೇಸಿಗೆಯಲ್ಲಿ ತಡೆಯುವುದಿಲ್ಲ. ಕಡ್ಡಿ ನೆಡುವ ನೆನಪನ್ನು ಮಿರಗದ ಮಳೆಗೆ ಕಟ್ಟಿದ್ದೇನೆ. ಮೃಗಶಿರಾ ಕೂಡುವುದು ಜೂನ್ 8ರ ಸುಮಾರಿಗೆ. ದಿನಾಂಕ ಹೇಳಿದರೆ ಮರೆಯುವವರೂ ಮಿರಗ ಅಂದರೆ ಕುಂಡ ತಯಾರು ಮಾಡಿಕೊಳ್ಳುತ್ತಾರೆ.

ಹಂತ 10: ಏನು ಕೊಡಬಾರದು

ಮಾರಾಟ ಇಲ್ಲ. ಬೆಲೆ ಬರೆಯುವ ಜಾಗವೇ ಇಲ್ಲ. ನರ್ಸರಿಯವರ ಹೊಟ್ಟೆಪಾಡಿಗೆ ಅಡ್ಡ ಬರುವುದೂ ಬೇಡ, ಕೊಡುವವರ ನಡುವೆ ದುಡ್ಡಿನ ಮಾತು ಬರುವುದೂ ಬೇಡ.

ಕಾಡಿನಿಂದ ಕಿತ್ತು ತಂದ ಗಿಡ ಇಲ್ಲ. ಗದಗ ಕಡೆಯವರೊಬ್ಬರು ಕಪ್ಪತಗುಡ್ಡದ ಔಷಧಿ ಗಿಡ ತಂದು ಹಂಚಬಹುದಾ ಅಂತ ಕೇಳಿದ್ದರು. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ, ಅಲ್ಲಿಂದ ಗಿಡ ತರುವಂತಿಲ್ಲ. ಪೋಸ್ಟ್ ಹಾಕುವಾಗ "ಇದು ನನ್ನ ಮನೆಯಲ್ಲಿ ಬೆಳೆದದ್ದು" ಅನ್ನುವುದಕ್ಕೆ ಗುರುತು ಹಾಕದಿದ್ದರೆ ಮುಂದೆ ಹೋಗುವುದಿಲ್ಲ.

ಕಣಗಿಲೆ, ದತ್ತೂರಿಯಂಥ ವಿಷದ ಗಿಡಕ್ಕೆ ಪಟ್ಟಿಯಲ್ಲೇ ಕೆಂಪು ಗುರುತು ಇದೆ. ಮಕ್ಕಳು, ದನ ಇರುವ ಮನೆಯವರು ನೋಡಿ ತಗೊಳ್ಳಲಿ. ದಾಸವಾಳದ ಕಡ್ಡಿ ಜೊತೆ ಬಿಳಿ ಹಿಟ್ಟು ತಿಗಣೆ ಹೋಗುವುದು ಬಹಳ. ಹೊಸ ಗಿಡವನ್ನು ಎರಡು ವಾರ ಬೇರೆ ಇಡಿ ಅನ್ನುವ ಮಾತು ಗಿಡ ತಗೊಂಡ ತಕ್ಷಣ ಸ್ಕ್ರೀನಿಗೆ ಬರುತ್ತದೆ.

ಜನರೇ ಬರೆದು ಹಾಕುವ ಆ್ಯಪ್‌ಗೆ ದೂರು ಕೊಡುವ ಮತ್ತು ಬ್ಲಾಕ್ ಮಾಡುವ ಬಟನ್ ಇರಬೇಕು ಅಂತ ಪ್ಲೇ ಸ್ಟೋರ್ ನಿಯಮ. ಖಾತೆ ಅಳಿಸುವ ದಾರಿಯೂ ಆ್ಯಪ್ ಒಳಗೊಂದು, ವೆಬ್‌ನಲ್ಲೊಂದು ಇರಬೇಕು. ಇವನ್ನು ಕೊನೆಗೆ ಅಂಟಿಸಲು ಹೋದರೆ ಇಡೀ ಡೇಟಾಬೇಸ್ ಮತ್ತೆ ನೋಡಬೇಕಾಗುತ್ತದೆ. ಮೊದಲೇ ಮಾಡಿ.

ಹಂತ 11: ಪ್ಲೇ ಸ್ಟೋರ್, ಖರ್ಚು

ಡೆವಲಪರ್ ಖಾತೆಗೆ ಒಂದೇ ಸಲ 25 ಡಾಲರ್, ಕಾರ್ಡಿನಲ್ಲಿ ಸುಮಾರು 2,200 ರೂಪಾಯಿ ಹೋಯಿತು. ದೊಡ್ಡ ಖರ್ಚು ಇದೊಂದೇ. ಐಫೋನ್‌ಗೆ ವರ್ಷಕ್ಕೆ 99 ಡಾಲರ್, ಅದನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಆ್ಯಪ್‌ನ ಹೆಸರು ಆಮೇಲೆ ಬದಲಿಸಬಹುದು. ಪ್ಯಾಕೇಜ್ ಹೆಸರು (ಆ್ಯಪ್ ಗುರುತಿಸಲು ಪ್ಲೇ ಸ್ಟೋರ್ ಬಳಸುವ ಒಳಗಿನ ಹೆಸರು) ಒಮ್ಮೆ ಹೋದರೆ ಬದಲಾಗುವುದಿಲ್ಲ, ಯೋಚಿಸಿ ಇಡಿ.

ಹೊಸ ವೈಯಕ್ತಿಕ ಖಾತೆಯವರು ಎಲ್ಲರಿಗೂ ಬಿಡುಗಡೆ ಮಾಡುವ ಮೊದಲು ಕನಿಷ್ಠ 12 ಪರೀಕ್ಷಕರನ್ನು ಸತತ 14 ದಿನ ಕ್ಲೋಸ್ಡ್ ಟೆಸ್ಟಿಂಗ್‌ನಲ್ಲಿ ಇಟ್ಟುಕೊಳ್ಳಬೇಕು. ಯಾರಾದರೂ ನಡುವೆ ಬಿಟ್ಟು ಸಂಖ್ಯೆ 12ಕ್ಕಿಂತ ಕೆಳಗಿಳಿದರೆ ಕಷ್ಟ, ಹಾಗಾಗಿ ನಾಲ್ಕೈದು ಜನ ಹೆಚ್ಚಿಗೆ ಸೇರಿಸಿಕೊಳ್ಳಿ. ನನಗೆ ಪರೀಕ್ಷಕರು ಸಿಕ್ಕಿದ್ದು ಗಿಡದ ವಾಟ್ಸ್‌ಆ್ಯಪ್ ಗುಂಪುಗಳಿಂದ ಮತ್ತು ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದಲ್ಲಿ ಹೂವಿನ ಗಿಡಗಳ ಮುಂದೆ ನಿಂತು ಮಾತಾಡಿಸಿದವರಿಂದ.

ಇನ್ನೂ ಸರಿಯಾಗದ್ದು ನೋಟಿಫಿಕೇಶನ್. ಬ್ಯಾಟರಿ ಉಳಿಸಲು ಆ್ಯಪ್‌ಗಳನ್ನು ಮಲಗಿಸುವ ಫೋನ್‌ಗಳಲ್ಲಿ "ನಿಮ್ಮ ಗಿಡ ಯಾರೋ ಕೇಳಿದ್ದಾರೆ" ಅನ್ನುವುದು ತಲುಪುತ್ತಿಲ್ಲ. ಸೆಟ್ಟಿಂಗ್ ಹೇಗೆ ಬದಲಿಸಬೇಕು ಅಂತ ಚಿತ್ರ ಹಾಕಿ ತೋರಿಸಿದ್ದೇನೆ. ಹಿರಿಯರಿಗೆ ಅದು ಕಷ್ಟ. ಉತ್ತರ ಬಾರದ ಕೋರಿಕೆಗೆ ಎರಡನೆಯ ದಿನ ಇಮೇಲ್ ಕಳಿಸುವ ಕೆಲಸ ನಡೆದಿದೆ.

ಹಂತ 12: ಗದಗ, ಹಾವೇರಿ ಸೇರಿಸುವುದು

ಈಗ ಕೈಯಲ್ಲಿರುವ ಕೆಲಸ ಇದು. ಅಲ್ಲಿ ಚಿಗರಿ ನಿಲ್ದಾಣಗಳಿಲ್ಲ. 5 ಕಿಲೋಮೀಟರ್ ಚೌಕ ಹಳ್ಳಿಗಳಿಗೆ ಸಾಲುವುದೂ ಇಲ್ಲ. ಸುತ್ತಲಿನ ಹಳ್ಳಿಯವರು ಒಂದೆಡೆ ಸೇರುವುದು ವಾರದ ಸಂತೆಯಲ್ಲಿ. ಹಾಗಾಗಿ ಭೇಟಿಯ ಜಾಗದ ದಾಖಲೆಗೆ "ವಾರ" ಅನ್ನುವ ಸಾಲು ಸೇರಿಸಿದೆ. ಬಳಸುವವರು ತಮ್ಮ ಸಂತೆ, ಅದರ ವಾರ ಆರಿಸುತ್ತಾರೆ.

ಅಲ್ಲಿ ಹಂತ 1ರ ನಿಯಮ ತೊಡಕಾಯಿತು. ಕಡ್ಡಿಯ ಪೋಸ್ಟ್ 3 ದಿನಕ್ಕೆ ಹೋಗಿಬಿಡುತ್ತದೆ, ಸಂತೆ ಬರುವುದು ಏಳು ದಿನಕ್ಕೊಮ್ಮೆ. ಇದನ್ನು ಕಾಕುಗೆ ಹೇಳಿದೆ.

"ಸಂತಿ ದಿವಸ ಮುಂಜಾನೆ ಕೊಯ್ದು, ಒದ್ದಿ ಅರಬಿ ಸುತ್ತಿ ಒಯ್ಯೂದು. ಮದಲ ಯಾಕ ಕೊಯ್ತಾರ?"

ಅವಧಿ ಎಣಿಸಬೇಕಾದದ್ದು ಪೋಸ್ಟ್ ಹಾಕಿದ ದಿನದಿಂದ ಅಲ್ಲ, ಕಡ್ಡಿ ಕೊಯ್ಯುವ ದಿನದಿಂದ. ಈಗ ಪೋಸ್ಟ್‌ಗೆ "ಕೊಯ್ಯುವ ದಿನ" ಅನ್ನುವ ಹೊಸ ಸಾಲು ಬಂದಿದೆ. ಸಂತೆ ಆರಿಸಿದರೆ ಅದು ಮುಂದಿನ ಸಂತೆಯ ದಿನಕ್ಕೆ ತಾನೇ ಹೊಂದಿಕೊಳ್ಳುತ್ತದೆ. ಅದರ ಕೆಳಗೆ ಕಾಕು ಹೇಳಿದ ಸೂಚನೆ ಬರುತ್ತದೆ: ಪೆನ್ಸಿಲ್ ದಪ್ಪದ ಕಡ್ಡಿ, ಆರು ಇಂಚು ಉದ್ದ, ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಒದ್ದೆ ಬಟ್ಟೆ ಸುತ್ತಿ. ಹಳೆಯ ಪೋಸ್ಟ್‌ಗಳಿಗೂ ಆ ದಿನಾಂಕ ತುಂಬುವ ಸ್ಕ್ರಿಪ್ಟ್ ಬರೆಯುವುದು ಬಾಕಿ ಇದೆ. ಅದಾದ ಕೂಡಲೇ ಗದಗ, ಹಾವೇರಿಯ ಪರೀಕ್ಷಕರಿಗೆ ಹೊಸ ಬಿಲ್ಡ್ ಕಳಿಸುತ್ತೇನೆ.